ಅಪ್ಪನ 212 ಕ್ಯಾಸೆಟ್, ನನ್ನ ಫೋನಿನ 3,000 ಹಾಡು: ಇದರಲ್ಲಿ ನನ್ನ ಸಂಗೀತ ಯಾವುದು?

ಹೊಸಕಿವಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಆದ್ರೂ ಓದಿ.

ಅಪ್ಪ ಹೋಗಿ ಎರಡು ವರ್ಷ. ಈ ಸಂಕ್ರಾಂತಿಗೆ ರಾಣೆಬೆನ್ನೂರಿನ ಮನೆ ಖಾಲಿ ಮಾಡುವಾಗ ಅಟ್ಟದಿಂದ ಎರಡು ತಗಡಿನ ಟ್ರಂಕು ಇಳಿಸಿದ್ವಿ. ಒಳಗೆ 212 ಕ್ಯಾಸೆಟ್. ಕಾಲು ಭಾಗ ಅಂಗಡೀಲಿ ಕೊಂಡಿದ್ದು: ಭಾವಗೀತೆ, ಶರೀಫರ ಪದ, ದಾಸರ ಪದ, ಒಂದಷ್ಟು ಸಿನಿಮಾ. ಉಳಿದದ್ದೆಲ್ಲ ಅಪ್ಪ ರೇಡಿಯೋದಿಂದ ಹಿಡಿದಿದ್ದು. ಬೆನ್ನಿನ ಮೇಲೆ ನೀಲಿ ಶಾಯೀಲಿ "ಧಾರವಾಡ, ರಾತ್ರಿ, ಬಾಗೇಶ್ರೀ" ಅಂತ ಊರು, ಹೊತ್ತು, ರಾಗದ ಹೆಸರಷ್ಟೇ. ಹಾಡಿದೋರು ಯಾರು ಅಂತ ಬಹಳ ಕಡೆ ಬರೆದೇ ಇಲ್ಲ.

ನನ್ನ ವಿಷಯಕ್ಕೆ ಬಂದ್ರೆ, ಚಿಕ್ಕಂದಿನಲ್ಲಿ ಸಿನಿಮಾ ಹಾಡು, ಇಂಜಿನಿಯರಿಂಗಲ್ಲಿ ಹಾಸ್ಟೆಲಿನವರು ಕೇಳ್ತಿದ್ದ ರಾಕ್, ಈಗ ಬೆಂಗಳೂರಲ್ಲಿ ಆ್ಯಪ್ ಕೊಟ್ಟಿದ್ದು. ಫೋನಲ್ಲಿ ಮೂರು ಸಾವಿರ ಹಾಡಿಗೆ ಹೃದಯದ ಗುರುತು ಒತ್ತಿದೀನಿ. ಹೋದ ತಿಂಗಳು ಕೂತು ನೋಡಿದ್ರೆ ತಿರುತಿರುಗಿ ಕೇಳ್ತಿರೋದು ಒಂದು ನಲವತ್ತು. ಅವನ್ನೂ ನಾನು ಹುಡುಕಿದ್ದಲ್ಲ, ತಾನಾಗಿ ಬಂದಿದ್ದು. "ನಿಂಗೆ ಯಾವ ಸಂಗೀತ ಇಷ್ಟ" ಅಂತ ಯಾರಾದ್ರೂ ಕೇಳಿದ್ರೆ "ಎಲ್ಲಾ ಕೇಳ್ತೀನಿ" ಅಂತೀನಿ. ಈ ಉತ್ತರ ನನಗೇ ಸರಿ ಅನ್ನಿಸ್ತಿಲ್ಲ.

ಕೇಳಬೇಕಾಗಿರೋದು ಇಷ್ಟು. ಕ್ಯಾಸೆಟ್ ಎಲ್ಲಾನೂ ಕಂಪ್ಯೂಟರಿಗೆ ಹಾಕಬೇಕಾ, ಆರಿಸಿ ಹಾಕಬೇಕಾ? ಅದು ಅಪ್ಪನ ಸಂಗ್ರಹ ಆಯ್ತು, ನನ್ನದು ಅಂತ ಒಂದು ಹೇಗೆ ಕಟ್ಟೋದು? ಶಾಸ್ತ್ರೀಯದಲ್ಲಿ ನನಗೆ ರಾಗ ಗುರುತಿಸೋಕೂ ಬರಲ್ಲ.

ಟೇಪುರಿಪೇರಿ

ಎಲ್ಲಾನೂ ಹಾಕಿ. ಆರಿಸೋದು ಆಮೇಲೆ. ಟೇಪು ಕಾಯಲ್ಲ.

ಆದ್ರೆ ಟ್ರಂಕಿಂದ ತೆಗೆದು ನೇರ ಪ್ಲೇಯರಿಗೆ ತುರುಕಬೇಡಿ. ಮೊದಲು ಕ್ಯಾಸೆಟ್ಟಿನ ಕಿಟಕಿಯಿಂದ ಸುರುಳಿ ನೋಡಿ, ಬಿಳಿ ಪುಡಿ ಥರ ಕಂಡ್ರೆ ಅದು ಬೂಷ್ಟು, ಅದನ್ನ ಬೇರೆ ಇಡಿ. ಒಳಗೆ ಟೇಪನ್ನ ಪ್ಲೇಯರಿನ ಹೆಡ್ಡಿಗೆ (ಧ್ವನಿ ಓದೋ ಭಾಗ) ಒತ್ತೋ ಸಣ್ಣ ಫೆಲ್ಟ್ ತುಂಡು ಇರತ್ತೆ, ಹಳೇ ಕ್ಯಾಸೆಟ್ಟಲ್ಲಿ ಗೋಂದು ಒಣಗಿ ಉದುರಿರತ್ತೆ. ಉದುರಿದ್ರೆ ಧ್ವನಿ ಮಂಕಾಗತ್ತೆ. ಜನ ಟೇಪ್ ಹಾಳಾಯ್ತು ಅಂತ ಎಸೀತಾರೆ, ಹಾಳಾಗಿರೋದು ಎರಡು ಪೈಸೆಯ ಫೆಲ್ಟು. ಸ್ಕ್ರೂ ಇರೋ ಕ್ಯಾಸೆಟ್ಟಾದ್ರೆ ಬಿಚ್ಚಿ ಇನ್ನೊಂದರದ್ದು ಹಾಕಬಹುದು.

ಪ್ರತೀದನ್ನೂ ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿಸಿ ಆಮೇಲೆ ಪ್ಲೇ ಮಾಡಿ. ಇಪ್ಪತ್ತು ವರ್ಷ ಒಂದೇ ಭಂಗೀಲಿ ಕೂತ ಟೇಪು, ಸಡಿಲ ಆಗಬೇಕು. ಹಿಂಭಾಗದ ರಕ್ಷಣೆ ಕಿವಿ ಮುರಿದಿದೆಯಾ ನೋಡಿ, ಇಲ್ಲದಿದ್ರೆ ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದ್ರೆ ಬಾಗೇಶ್ರೀ ಹೋಯ್ತು.

ಚಿತ್ರಗೀತಪ್ರಿಯ

ಒಂದು ಮಾತು. "ಶಾಸ್ತ್ರೀಯ ಬರಲ್ಲ" ಅಂತ ತಲೆ ತಗ್ಗಿಸೋ ಅಗತ್ಯ ಇಲ್ಲ. ಸಿನಿಮಾ ಹಾಡಿಂದಲೇ ಒಳ್ಳೇ ಸಂಗ್ರಹ ಕಟ್ಟಬಹುದು. ಆದ್ರೆ ನಾಯಕನ ಹೆಸರಲ್ಲಿ ಜೋಡಿಸಬೇಡಿ, ಸಂಗೀತ ನಿರ್ದೇಶಕರ ಹೆಸರಲ್ಲಿ ಜೋಡಿಸಿ. ನಾನು ಹಾಗೆ ಮಾಡಿದ ದಿನ ನನ್ನ ಕಿವಿ ತೆರೀತು. ಟಿ.ಜಿ. ಲಿಂಗಪ್ಪ, ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಅಂತ ನಾಲ್ಕು ಫೋಲ್ಡರ್ ಮಾಡಿ ಒಂದೊಂದು ವಾರ ಕೇಳಿದೆ. ನನಗೆ ಪಿ.ಬಿ. ಶ್ರೀನಿವಾಸ್ ದನಿ ಇಷ್ಟ ಅಂತ ಅಂದ್ಕೊಂಡಿದ್ದೆ. ಇಷ್ಟ ಇದ್ದಿದ್ದು ವಿಜಯಭಾಸ್ಕರ್ ಮಾತಿಗೆ ಜಾಗ ಬಿಡೋ ರೀತಿ. 1967ರ ಬೆಳ್ಳಿಮೋಡದಲ್ಲಿ ಬೇಂದ್ರೆ ಕವಿತೆಗೆ ಅವರು ಮಟ್ಟು ಹಾಕಿದ್ರಲ್ಲ, ಅಲ್ಲಿಂದ ನಾನು ಭಾವಗೀತೆಗೆ ಹೋದೆ, ಅಲ್ಲಿಂದ ಮೈಸೂರು ಅನಂತಸ್ವಾಮಿಯವರಿಗೆ, ಅವರಿಂದ ಹಿಂದಕ್ಕೆ ಕಾಳಿಂಗರಾಯರಿಗೆ. ಒಂದು ಎಳೆ ಹಿಡಿದು ಎಳೆದ್ರೆ ಸಾಕು.

ಸಾಧನಕೇರಿ

ಚಿತ್ರಗೀತಪ್ರಿಯ ಅವರ ಎಳೆ ಹಿಡಿಯೋ ಮಾತು ಖರೇ ಅದ. ಆದ್ರ ಇವರ ತಂದಿ ಬಿಟ್ಟುಹೋದ ಎಳೀನೇ ಕೈಯಾಗ ಅದ ಅಲ್ರಿ, ಅದನ್ನ ಬಿಟ್ಟು ಬ್ಯಾರೆ ಯಾಕ ಹುಡುಕಬೇಕು?

ತಮ್ಮಾ, ಧಾರವಾಡ ಆಕಾಶವಾಣಿ 1950ರಾಗ ಶುರು ಆತು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್, ಇವರೆಲ್ಲ ನಮ್ಮ ಊರಿನ ಮಂದಿ, ನಮ್ಮ ರೇಡಿಯೋದಾಗ ಹಾಡ್ತಿದ್ರು. ನಿಮ್ಮ ತಂದಿ ಹಿಡಿದಿಟ್ಟದ್ದು ಯಾವ ಕಂಪನಿನೂ ಹೊರಗ ತಂದಿರಲಿಕ್ಕಿಲ್ಲ. ಒಂದೂ ಒಗೀಬ್ಯಾಡ್ರಿ. ರಾಗ ಗೊತ್ತಿಲ್ಲ ಅಂತೀರಿ. ನಮ್ಮವ್ವಗ ಒಂದು ರಾಗದ ಹೆಸರೂ ಬರ್ತಿದ್ದಿಲ್ಲ. ಆದ್ರ ಅಡಗಿಮನ್ಯಾಗ ಕೂತು "ಇದು ನಿನ್ನೆ ಹಾಡಿದ್ದರ ಅಣ್ಣತಮ್ಮ" ಅಂತಿದ್ಲು. ಬರೋಬ್ಬರಿ ಇರ್ತಿತ್ತು.

ರೈನ್‌ತೀರ

ಮನ್ಸೂರರು ಕಿರಾಣಾ ಘರಾಣೆ (ಗುರು-ಶಿಷ್ಯ ಪರಂಪರೆ) ಅಲ್ವಾ? ಭೀಮಸೇನ ಜೋಶಿಯವರ ಜೊತೆ ಶುರು ಮಾಡಿದ್ರೆ ಹೋಲಿಸಿ ಕೇಳೋಕೆ ಸುಲಭ ಆಗಬಹುದು.

ಸಾಧನಕೇರಿ

ಇಲ್ರಿ, ಮನ್ಸೂರರು ಜೈಪುರ-ಅತ್ರೌಲಿ. ಮೊದಲು ಮಿರಜಿನ ನೀಲಕಂಠಬುವಾ ಕಡೆ ಗ್ವಾಲಿಯರ್ ಕಲ್ತರು, ಆಮ್ಯಾಲ ಅಲ್ಲಾದಿಯಾ ಖಾನರ ಮಕ್ಕಳು ಮಂಜೀ ಖಾನ, ಬುರ್ಜೀ ಖಾನ ಅವರ ಕಡೆ. ಕಿರಾಣಾದ್ದು ಅಬ್ದುಲ್ ಕರೀಂ ಖಾನ, ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರು ಭೀಮಸೇನರು, ಗಂಗೂಬಾಯಿ. ಹೋಲಿಸಲಿಕ್ಕೆ ಇದೇ ಛಲೋ ದಾರಿ. ಭೀಮಸೇನರು ಒಂದು ಸ್ವರದ ಮ್ಯಾಲ ನಿಂತು ಅದನ್ನ ತುಂಬತಾರ. ಮನ್ಸೂರರು ನಿಲ್ಲೋದೇ ಇಲ್ಲ, ಲಯದ ಜೋಡಿ ಹೆಣಕೋತ ಹೋಗ್ತಾರ. ಎರಡೂ ಒಂದೊಂದು ತಾಸು ಕೇಳ್ರಿ. ಯಾವುದರಾಗ ಉಸಿರು ಹಗುರ ಆಗ್ತದ ನೋಡ್ಕೋರಿ. ರುಚಿ ಅಂದ್ರ ಅದ.

ರೈನ್‌ತೀರ

ತಿದ್ದಿದ್ದಕ್ಕೆ ಧನ್ಯವಾದ. ಹದಿನೈದು ವರ್ಷ ತಪ್ಪು ತಿಳ್ಕೊಂಡಿದ್ದೆ.

ಚಿತ್ರಗೀತಪ್ರಿಯ

"ಅದನ್ನ ಬಿಟ್ಟು ಬೇರೆ ಯಾಕೆ" ಅನ್ನೋದನ್ನ ನಾನು ಒಪ್ಪಲ್ಲ ಸಾರ್. ಅವರು ಕೇಳ್ತಿರೋದು ಅವರ ರುಚಿ ಯಾವುದು ಅಂತ. ಅಪ್ಪನ ರುಚಿ ಮಗನಿಗೆ ಬರಲೇಬೇಕು ಅಂತೇನಿಲ್ಲ. 212 ಕ್ಯಾಸೆಟ್ ಕೇಳಿ "ಇದು ನನಗೆ ಹಿಡಿಸಲಿಲ್ಲ" ಅಂದ್ರೂ ಅದು ಉತ್ತರಾನೇ.

ಸಾಧನಕೇರಿ

ಕೇಳಿ ಬ್ಯಾಡ ಅನ್ನಲಿ, ನಾ ಬ್ಯಾಡ ಅನ್ನೂದಿಲ್ಲ. ಕೇಳದನ ಬ್ಯಾಡ ಅನ್ನಬಾರದು.

ತೀರ್ಥಹಳ್ಳಿಮಳೆ

ಬೂಷ್ಟಿನ ವಿಷ್ಯ ಬಂತಲ್ಲ, ನಮ್ಮ ಕಡೆ ಗೋಳು ಕೇಳಿ. ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮನೇಲಿ ಬಟ್ಟೆ ಒಣಗಲ್ಲ, ಕ್ಯಾಸೆಟ್ ಎಲ್ಲಿ ಉಳೀಬೇಕು. ನನ್ನ ಹತ್ರ ಇದ್ದ ಶಿವಮೊಗ್ಗ ಸುಬ್ಬಣ್ಣನವರ ಕ್ಯಾಸೆಟ್ ಆರರಲ್ಲಿ ನಾಲ್ಕಕ್ಕೆ ಬಿಳಿ ಬಂದಿತ್ತು. ಅದು ಗೊತ್ತಿಲ್ಲದೆ ಪ್ಲೇ ಮಾಡಿ, ಅದೇ ಪ್ಲೇಯರಲ್ಲಿ ಒಳ್ಳೇವನ್ನೂ ಹಾಕಿ, ಅವಕ್ಕೂ ಹತ್ತಿಸಿದೆ. ಈಗ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಬಣ್ಣ ತಿರುಗಿದ ಕೂಡ್ಲೇ ಬದಲಾವಣೆ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ ಇಡಿ, ಸ್ಪೀಕರ್ ಪಕ್ಕ ಇಡಬೇಡಿ, ಅದರೊಳಗೆ ಅಯಸ್ಕಾಂತ ಇದೆ.

ಅಂದಹಾಗೆ ಎಲ್ಲಕ್ಕೂ ಸ್ಪಿರಿಟ್ ಒಂದೇ ಮದ್ದು. ಹೆಡ್ಡು, ರೋಲರ್ರು, ತಾತನ ಹಳೇ ಗ್ರಾಮಫೋನ್ ಪ್ಲೇಟು, ಎಲ್ಲ ಅದರಲ್ಲೇ ಒರೆಸಿದ್ರೆ ಲಕಲಕ.

ಟೇಪುರಿಪೇರಿ

ಅಯ್ಯೋ, ಪ್ಲೇಟಿಗೆ ಬೇಡ! ಈಗಲೇ ನಿಲ್ಲಿಸಿ.

ಹೆಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸರಿ. ಹಳೇ 78ರ ಪ್ಲೇಟು, ಅಂದ್ರೆ ನಿಮಿಷಕ್ಕೆ 78 ಸುತ್ತು ತಿರುಗೋದು, ಮಾಡಿರೋದು ಅರಗಿನಿಂದ. ಅರಗು ಸ್ಪಿರಿಟ್ಟಲ್ಲಿ ಕರಗತ್ತೆ, ಬಡಗಿಗಳು ಮರಕ್ಕೆ ಪಾಲಿಶ್ ಮಾಡೋದೇ ಅರಗನ್ನ ಸ್ಪಿರಿಟ್ಟಲ್ಲಿ ಕರಗಿಸಿ. ಲಕಲಕ ಅನ್ನೋದು ಮೇಲ್ಪದರ ಕರಗಿ ಬಂದ ಹೊಳಪು, ಗೆರೆ ಅದರ ಜೊತೆ ಹೋಗ್ತಿದೆ. ಶುದ್ಧ ನೀರಿಗೆ ಒಂದು ಹನಿ ಪಾತ್ರೆ ಸೋಪು, ಮೆತ್ತನೆ ಬಟ್ಟೆ, ಗೆರೆ ಹೋದ ದಿಕ್ಕಲ್ಲೇ ಒರೆಸಿ, ನಡುವಿನ ಕಾಗದ ನೆನೀಬಾರದು. ಆಮೇಲೆ ಬಂದ ಲಾಂಗ್ ಪ್ಲೇ ಪ್ಲೇಟು, ಎಲ್‌ಪಿ, ವಿನೈಲ್ ಪ್ಲಾಸ್ಟಿಕ್ಕು, ಅದರ ಮಾತು ಬೇರೆ. ಎಲ್‌ಪಿ ಮುಳ್ಳಲ್ಲಿ 78 ಬಾರಿಸಬೇಡಿ. 78ರ ಗೆರೆ ಅಗಲ, ಅದಕ್ಕೆ ದಪ್ಪ ಮುಳ್ಳೇ ಬೇಕು.

ತೀರ್ಥಹಳ್ಳಿಮಳೆ

ದೇವರೇ. ಮೂರು ಪ್ಲೇಟು ಒರೆಸಿ ಆಗಿದೆ. ಇನ್ನೂ ಹನ್ನೊಂದು ಇದೆ, ಅವನ್ನ ಉಳಿಸ್ಕೋತೀನಿ. ಬರೆದಿದ್ದಕ್ಕೆ ತುಂಬಾ ಉಪಕಾರ ಆಯ್ತು.

ವೀಣೆಮನೆ

ಎಪ್ಪತ್ತೊಂದು ವರ್ಷದವಳು, ಮೈಸೂರು. ಟೈಪು ಮಾಡುವುದು ನಿಧಾನ, ಸಹಿಸಿಕೊಳ್ಳಿ.

78ರ ಮಾತು ಬಂತು. ಹತ್ತಿಂಚಿನ ಪ್ಲೇಟಿನಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಇಡೀ ರಾಗವನ್ನು ಮುಗಿಸಬೇಕಿತ್ತು. 1902ರಲ್ಲಿ ಭಾರತದ ಮೊದಲ ಧ್ವನಿಮುದ್ರಣಗಳಲ್ಲಿ ಹಾಡಿದ ಗೌಹರ್ ಜಾನ್ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳಿ ಮುಗಿಸುತ್ತಿದ್ದರು. ಆಕೆ ಕೊನೆಯ ದಿನಗಳಲ್ಲಿ ನಮ್ಮ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಇಲ್ಲಿಯೇ ತೀರಿಕೊಂಡರು.

ಹೊಸಕಿವಿ ಅವರೇ, ನಿಮ್ಮ ಮೂರು ಸಾವಿರ ಹಾಡಿನ ಕಷ್ಟ ನನಗೆ ಅರ್ಥವಾಗುತ್ತದೆ. ನಮ್ಮ ಮನೆಯಲ್ಲಿ ಇದ್ದದ್ದು ಒಂಬತ್ತು ಎಲ್‌ಪಿ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಒಂದು, ಚೌಡಯ್ಯನವರದು ಒಂದು. ಬೇರೆ ಇರಲಿಲ್ಲವಾದ್ದರಿಂದ ಅದನ್ನೇ ಕೇಳಿದೆವು. ನೂರನೆಯ ಸಲ ಕೇಳುವಾಗ ನಾನು ವೀಣೆಯನ್ನು ಬಿಟ್ಟು ಮೃದಂಗವನ್ನು ಕೇಳತೊಡಗಿದೆ. ನನ್ನ ಪ್ರೀತಿ ಲಯದಲ್ಲಿದೆ ಎಂದು ತಿಳಿದದ್ದು ಹಾಗೆ. ಹತ್ತು ಸಾವಿರ ಹಾಡಿದ್ದರೆ ಆ ನೂರನೆಯ ಸಲ ಬರುತ್ತಲೇ ಇರಲಿಲ್ಲ. ಆರು ತಿಂಗಳು ಹತ್ತೇ ಇಟ್ಟುಕೊಳ್ಳಿ.

ಚೆಂಡೆಮದ್ದಳೆ

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ.

ನಮ್ಮ ಕಡೆ ಸಂಗ್ರಹ ಅಂದ್ರೆ ಯಕ್ಷಗಾನದ ಕ್ಯಾಸೆಟ್ ಮಾರಾಯ್ರೆ. ಪದ್ಯ ಹಾಡುವ ಭಾಗವತ ಕಾಳಿಂಗ ನಾವಡರು 1990ರಲ್ಲಿ ತೀರಿಹೋದಾಗ ಇನ್ನೂ ಮೂವತ್ತೆರಡರ ಆಸುಪಾಸು. ಆಮೇಲೆ ಹುಟ್ಟಿದ ನಮ್ಮಂಥವರಿಗೆ ಅವರು ಸಿಕ್ಕಿದ್ದು ಟೇಪಿನಲ್ಲೇ. ಆಟ ನಡೆಯುವಾಗ ರಂಗಸ್ಥಳದ ಹತ್ರ ಯಾರೋ ಟೇಪ್‌ರೆಕಾರ್ಡರ್ ಹಿಡಿದು ಕೂತದ್ದು. ಅದ್ರಲ್ಲಿ ಚೆಂಡೆ, ಜನರ ಚಪ್ಪಾಳೆ, ಮಕ್ಕಳ ಅಳು, ಎಲ್ಲ ಉಂಟು. ಒಂದೇ ಪದ್ಯ ನಾಲ್ಕು ಬೇರೆ ರಾತ್ರಿಯದ್ದು ನನ್ನ ಹತ್ರ ಉಂಟು, ನಾಲ್ಕೂ ಬೇರೆ ಬೇರೆ. ಅದು ನನಗೆ ಹುಚ್ಚು ಹಿಡಿಸಿತು. ಸ್ಟುಡಿಯೋದಲ್ಲಿ ಮಾಡಿದ್ದು ಕೇಳಿದ್ರೆ ಏನೋ ಖಾಲಿ ಅನ್ನಿಸ್ತದೆ. ಹಾಗಾಗಿ ನನ್ನ ರುಚಿ "ಯಕ್ಷಗಾನ" ಅಂತ ಹೇಳಿದ್ರೆ ಪೂರ್ತಿ ಆಗುದಿಲ್ಲ. ಜನರ ಎದುರು ಹಾಡಿದ್ದು ಬೇಕು ನನಗೆ. ಹಿಂದೂಸ್ತಾನಿ ಆದ್ರೂ ಕಛೇರಿಯದ್ದೇ ಕೇಳುದು.

ಇನ್ನೊಂದು, ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆ (ವೇಷ ಇಲ್ಲದೆ ಕೂತು ಮಾಡುವ ಯಕ್ಷಗಾನ) ಕ್ಯಾಸೆಟ್ ಯಾರ ಹತ್ರ ಆದ್ರೂ ಉಂಟಾ?

ಟೇಪುರಿಪೇರಿ

ತಾಳಮದ್ದಳೆಗೆ ಬೇರೆ ಚರ್ಚೆ ತೆಗೀರಿ, ಇಲ್ಲಿ ಕಳೆದುಹೋಗತ್ತೆ.

ಹೊಸಕಿವಿ

ಇಷ್ಟು ಉತ್ತರ ಬರತ್ತೆ ಅಂದ್ಕೊಂಡಿರಲಿಲ್ಲ. ವೀಣೆಮನೆ ಅಮ್ಮ, ನಿಮ್ಮ ಮಾತು ಎರಡು ಸಲ ಓದಿದೆ.

ಲೆಕ್ಕ ಹಾಕಿದೆ. ಎಲ್ಲ 60 ನಿಮಿಷದ್ದು ಅಂದ್ಕೊಂಡ್ರೂ 212 ಗಂಟೆ. ಇಷ್ಟನ್ನ ನಾನು ಯಾವಾಗ ಮಾಡೋದು? ಡಿಜಿಟಲ್ ಮಾಡಿಕೊಡೋ ಅಂಗಡಿಗೆ ಕೊಟ್ಟುಬಿಡೋಣ ಅಂತ ಯೋಚನೆ.

ರೈನ್‌ತೀರ

ಕೊಡಬೇಡಿ. ಕೊಟ್ಟರೆ ಕಣ್ಣೆದುರು ಮಾಡಿಸಿ. ನನ್ನ ಅನುಭವ ಹೇಳ್ತೀನಿ.

ಊರಿಗೆ ಬಂದಾಗ ಮಾವನವರ ಮೂವತ್ತು ಕ್ಯಾಸೆಟ್ ಒಬ್ಬರಿಗೆ ಕೊಟ್ಟೆ. ಎರಡು ವಾರಕ್ಕೆ ಪೆನ್‌ಡ್ರೈವ್ ಬಂತು, ಕೇಳಿದ್ರೆ ತುಂಬಾ ಶುಭ್ರ. ಆದ್ರೆ ಏನೋ ಕಮ್ಮಿ. ಮೂರನೇ ದಿನ ಗೊತ್ತಾಯ್ತು, ತಂಬೂರಿ ಇಲ್ಲ! ಗದ್ದಲ ತೆಗೆಯೋ ಸಾಫ್ಟ್‌ವೇರಿಗೆ "ಇದು ಗದ್ದಲ" ಅಂತ ಒಂದು ತುಣುಕು ತೋರಿಸಬೇಕು. ಅವರು ಹಾಡು ಶುರುವಾಗೋ ಮುಂಚಿನ ಐದು ಸೆಕೆಂಡ್ ತೋರಿಸಿದಾರೆ. ಅಲ್ಲಿ ಬರೀ ತಂಬೂರಿ ಮಿಡೀತಿತ್ತು. ಸಾಫ್ಟ್‌ವೇರ್ ಅದನ್ನೇ ಗದ್ದಲ ಅಂತ ತಿಳಿದು ಉದ್ದಕ್ಕೂ ಸವರಿ ಹಾಕಿದೆ. ಗಾಯಕರು ಶೂನ್ಯದಲ್ಲಿ ನಿಂತು ಹಾಡಿದ ಹಾಗೆ. ಮೂಲ ಫೈಲ್ ಕೇಳಿದ್ರೆ ಅಳಿಸಿದೀವಿ ಅಂದ್ರು. ಕ್ಯಾಸೆಟ್ ವಾಪಸ್ ಬಂದಿತ್ತಲ್ಲ ಅನ್ನೋದೇ ಸಮಾಧಾನ, ಎಲ್ಲ ಮತ್ತೆ ಮಾಡಿದೆ.

ಟೇಪಿನ ಸರಸರ ಇರಲಿ ಬಿಡಿ. ಹತ್ತು ನಿಮಿಷದಲ್ಲಿ ಕಿವಿ ಅದನ್ನ ಬಿಟ್ಟು ಹಾಡು ಹಿಡ್ಕೊಳ್ಳತ್ತೆ.

ಟೇಪುರಿಪೇರಿ

ಇದಕ್ಕೆ ನೂರು ಮೆಚ್ಚುಗೆ. ಮೂಲ ಫೈಲ್ ಮುಟ್ಟಬಾರದು. ಏನೇ ಮಾಡೋದಿದ್ರೂ ನಕಲಿನ ಮೇಲೆ.

ಹೊಸಕಿವಿ, ಖರ್ಚು ಜಾಸ್ತಿ ಇಲ್ಲ. ಸುಸ್ಥಿತೀಲಿರೋ ಒಂದು ಹಳೇ ಡೆಕ್ಕು, ಹೊಸ ಬೆಲ್ಟು, ಲೈನ್-ಇನ್ ಇರೋ ಒಂದು ಯುಎಸ್‌ಬಿ ಸೌಂಡ್ ಕಾರ್ಡು, ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರು. ಬೆಲ್ಟಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಹಳೇದನ್ನ ಕೈಲಿ ಹಿಡ್ಕೊಂಡೇ ಹೋಗಿ, ಅಳತೆ ಬಾಯಲ್ಲಿ ಹೇಳಿದ್ರೆ ತಪ್ಪು ಕೊಡ್ತಾರೆ. ರೆಕಾರ್ಡಿಂಗ್ ಮಟ್ಟ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಇಡಿ, ಗಾಯಕರು ಮೇಲಿನ ಸ್ಥಾಯಿಗೆ ಹೋದಾಗ ಧ್ವನಿ ಒಡೆದ್ರೆ ಸರಿ ಮಾಡೋಕೆ ಬರಲ್ಲ. 44.1 ಕಿಲೋಹರ್ಟ್ಸ್, 16 ಬಿಟ್ ಸಾಕು. ಗಂಟೆಗೆ ಸುಮಾರು 635 ಎಂಬಿ, ಗುಣ ಕೆಡದ ಹಾಗೆ ಕುಗ್ಗಿಸೋ ಫ್ಲ್ಯಾಕ್ ಫೈಲ್ ಮಾಡಿದ್ರೆ ಹೆಚ್ಚುಕಮ್ಮಿ ಅರ್ಧ. ಇಡೀ ಸಂಗ್ರಹ 128 ಜಿಬಿ ಪೆನ್‌ಡ್ರೈವಲ್ಲಿ ಕೂರತ್ತೆ. ಎಂಪಿ3 ಫೋನಿಗೆ ಮಾತ್ರ.

ರೈನ್‌ತೀರ

ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಮನೇಲಿ. ನನ್ನದು ಒಂದು ಹಾರ್ಡ್‌ಡಿಸ್ಕ್ ಕೆಳಗೆ ಬಿದ್ದು ಹನ್ನೆರಡು ವರ್ಷದ ಸಂಗ್ರಹ ಹೋಯ್ತು. ಉಳಿದಿದ್ದು ಮೈಸೂರಲ್ಲಿ ತಂಗಿ ಮನೇಲಿದ್ದ ನಕಲು.

ಮಾಡಿದ್ಮೇಲೆ ಎಲ್ಲಾನೂ ಯೂಟ್ಯೂಬಿಗೆ ಹಾಕಿ, ಜಗತ್ತಿಗೆ ಸಿಗಲಿ.

ಚಿತ್ರಗೀತಪ್ರಿಯ

ಹಾಗೆ ಹಾಕೋಕಾಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಧ್ವನಿಮುದ್ರಣಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಹಕ್ಕು. ರೇಡಿಯೋದವರ ಪ್ರಸಾರ ಹಕ್ಕು 25 ವರ್ಷ, ಹಾಡಿದವರ ಹಕ್ಕು 50 ವರ್ಷ. ಎಂಬತ್ತರ ದಶಕದಲ್ಲಿ ಹಿಡಿದಿದ್ದಾದ್ರೆ ಗಾಯಕರ ಹಕ್ಕು ಇನ್ನೂ ಜೀವಂತ ಇರಬಹುದು. ಮನೇಲಿಟ್ಟು ಕೇಳೋದು ಬೇರೆ, ನೆಟ್ಟಿಗೆ ಹಾಕೋದು ಬೇರೆ.

ಸಾಧನಕೇರಿ

ಹಂಗಂತ ಪೆಟಗಿಯೊಳಗ ಮುಚ್ಚಿಡಬ್ಯಾಡ್ರಿ. ಗಾಯಕರ ಮನಿಯವರು ಭಾಳ ಮಂದಿ ಇಂಥವು ಸಿಕ್ರ ಖುಷಿಲೇ ಕೇಳ್ತಾರ. ಅವರನ್ನ ಕೇಳ್ರಿ ಮೊದಲು.

ವೀಣೆಮನೆ

212 ಗಂಟೆ ಎಂದು ಹೆದರುತ್ತಿದ್ದೀರಿ. ಕ್ಯಾಸೆಟ್ಟನ್ನು ಓಡಿದಷ್ಟೇ ವೇಗದಲ್ಲಿ ಮುದ್ರಿಸಬೇಕು. ಒಂದು ಗಂಟೆಯದಕ್ಕೆ ಒಂದು ಗಂಟೆ. ದಿನಕ್ಕೊಂದರಂತೆ ಏಳು ತಿಂಗಳು. ಆ ಒಂದು ಗಂಟೆ ಅದು ಓಡುತ್ತಿರುವಾಗ ಹತ್ತಿರ ಕುಳಿತು ಕೇಳಿ. ಪಕ್ಕದಲ್ಲಿ ಒಂದು ನೋಟ್‌ಪುಸ್ತಕ. ರಾಗ ಗೊತ್ತಿಲ್ಲದಿದ್ದರೆ ಬೇಡ, "ಮಧ್ಯದಲ್ಲಿ ತಬಲ ಬಂದಾಗ ಚೆನ್ನಾಗಿತ್ತು", "ಇದು ಬೇಸರ ತಂದಿತು" ಎಂದು ಬರೆಯಿರಿ. ಬೇಸರವನ್ನು ತಪ್ಪದೆ ಬರೆಯಿರಿ. ಕೆಲಸವೂ ಆಗುತ್ತದೆ, ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಅದೇ ಪುಸ್ತಕದಲ್ಲಿ ಸಿಗುತ್ತದೆ.

ಚೆಂಡೆಮದ್ದಳೆ

ಅಮ್ಮ, ನೀವು ಇಷ್ಟು ದಿನ ಎಲ್ಲಿದ್ರಿ?

ಹೊಸಕಿವಿ

ಏಳು ವಾರ ಆಯ್ತು. ಬಂದು ಹೇಳಲೇಬೇಕು ಅನ್ನಿಸ್ತು.

ಡೆಕ್ ಸಿಕ್ತು, ಬೆಲ್ಟ್ ಎರಡನೇ ಸಲಕ್ಕೆ ಸರಿಯಾದ್ದು ಸಿಕ್ತು. ರಾತ್ರಿ ಊಟ ಆದ್ಮೇಲೆ ದಿನಕ್ಕೊಂದು. 44 ಆಗಿದೆ. ನೋಟ್‌ಬುಕ್ಕಲ್ಲಿ ಇಪ್ಪತ್ತೆಂಟು ಪುಟ.

ಮೊದಲ ವಾರ ನಿಜಕ್ಕೂ ಕಷ್ಟ ಆಯ್ತು. ವಿಲಂಬಿತ ಅಂದ್ರೆ ಇಷ್ಟು ನಿಧಾನ ಅಂತ ಗೊತ್ತಿರಲಿಲ್ಲ. ಎರಡು ದಿನ ಫೋನ್ ನೋಡ್ತಾ ಕೂತೆ, ಆಮೇಲೆ ಅದನ್ನ ಅಡುಗೆಮನೇಲಿ ಇಟ್ಟು ಬಂದೆ. ಮೂರನೇ ವಾರದಲ್ಲಿ ಹಿಂದಿನ ಪುಟ ತಿರುವಿ ನೋಡಿದ್ರೆ ನಾನು "ಚೆನ್ನಾಗಿದೆ" ಅಂತ ಬರೆದಿರೋ ಕಡೆಯೆಲ್ಲ ಒಂದೇ ವಿಷಯ. ದನಿಯ ಹಿಂದೆ ಹಾರ್ಮೋನಿಯಂ ಅರ್ಧ ಹೆಜ್ಜೆ ತಡವಾಗಿ ಬರೋ ಜಾಗ. ಹಾಡಿಗಿಂತ ಅದಕ್ಕೇ ಕಾಯ್ತಿದೀನಿ. ತಕ್ಷಣ ಫೋನಲ್ಲಿ ತಿರುತಿರುಗಿ ಕೇಳ್ತಿದ್ದ ಆ ನಲವತ್ತು ಹಾಡು ತೆಗೆದು ನೋಡಿದೆ. ಹನ್ನೊಂದರಲ್ಲಿ ಹಿನ್ನೆಲೆಗೆ ಹಾರ್ಮೋನಿಯಂ ಇದೆ! ಹತ್ತು ವರ್ಷದಿಂದ ಅದನ್ನೇ ಕೇಳ್ತಿದ್ದೆ, ಗೊತ್ತೇ ಇರಲಿಲ್ಲ. ಹಾರ್ಮೋನಿಯಂಗೆ ಪೆಟ್ಟಿಗೆ ಅಂತಾನೂ ಅಂತಾರಲ್ಲ, ನನ್ನ ಸಂಗ್ರಹದ ಮೊದಲ ಫೋಲ್ಡರ್ ಹೆಸರು "ಪೆಟ್ಟಿಗೆ". ಅದರಲ್ಲಿ ಅಪ್ಪನ ಆರು ಕ್ಯಾಸೆಟ್ಟು, ಎರಡು ರಂಗಗೀತೆ, ಆ ಹನ್ನೊಂದು ಹಾಡು.

ದಾಸರ ಪದದ ಕ್ಯಾಸೆಟ್ ಅಪ್ಪನಿಗೆ ಪ್ರಾಣ. ನನಗೆ ಹಿಡಿಸಲಿಲ್ಲ. ಹಾಗೇ ಬರೆದಿದೀನಿ. ಕಂಪ್ಯೂಟರಿಗೆ ಹಾಕಿದೀನಿ, ಫೋನಿಗೆ ಹಾಕಿಲ್ಲ.

ಒಂದು ವಿಚಿತ್ರ. ಇಲ್ಲಿವರೆಗೆ ಸಿಕ್ಕಿರೋದರಲ್ಲೇ ಬಾಗೇಶ್ರೀ ಏಳು. ಏಳೂ ಬೇರೆ ಬೇರೆಯವರು. ಅಪ್ಪ ಇದನ್ನ ಹುಡುಕಿ ಹಿಡೀತಿದ್ರು ಅಂತ ಮನೇಲಿ ಯಾರಿಗೂ ಗೊತ್ತಿಲ್ಲ, ಅಮ್ಮನಿಗೂ. ಏಳನೇದರ ಕೊನೇಲಿ ದ್ರುತ್ (ವೇಗದ ಭಾಗ) ನಡುವೆ ಟೇಪ್ ಮುಗಿದುಹೋಗಿದೆ. ಕಾಗದದ ಮೇಲೆ "ಮುಂದಿನದು ಸಿಗಲಿಲ್ಲ" ಅಂತಿದೆ. ಹಾಡಿದವರ ಹೆಸರಿಲ್ಲ. ಈ ಒಂದನ್ನ ಹತ್ತು ಸಲ ಕೇಳಿದೀನಿ. ಸಾಧನಕೇರಿಯವರಿಗೆ ಒಂದು ನಿಮಿಷದ ತುಣುಕು ಕಳಿಸಿದೆ.

ಸಾಧನಕೇರಿ

ಕೇಳಿದೆ. ನನ್ನ ಕಿವಿಗೆ ಇದು ಬಸವರಾಜ ರಾಜಗುರು. ಆ ತಾರ ಷಡ್ಜಕ್ಕ, ಮ್ಯಾಲಿನ ಸ ಸ್ವರಕ್ಕ, ಹತ್ತೋ ರೀತಿ ನೋಡ್ರಿ, ಕಷ್ಟನ ಇಲ್ಲ.

ವೀಣೆಮನೆ

ನನಗೂ ಕಳುಹಿಸಿದ್ದರು. ರಾಜಗುರುಗಳ ಕಛೇರಿ ನಾನು ಮೈಸೂರಿನಲ್ಲಿ ಎದುರು ಕುಳಿತು ಕೇಳಿದ್ದೇನೆ. ಅವರ ದನಿ ಇಷ್ಟು ತೆಳು ಅಲ್ಲ. ಇದು ಇನ್ನಾರೋ ಕಿರಿಯರು.

ಸಾಧನಕೇರಿ

ದನಿ ತೆಳು ಅನಿಸ್ತದ, ಒಪ್ಪತೀನಿ. ಆದ್ರ ತಾನು, ಅಂದ್ರ ಓಡೋ ಸ್ವರಗಳ ಸಾಲು, ಅದರ ಕಟ್ಟಡ ಅವರದ.

ಟೇಪುರಿಪೇರಿ

ಇಬ್ಬರೂ ಸ್ವಲ್ಪ ತಡೀರಿ. ದನಿ ತೆಳು ಅಂತಿದೀರಿ ಅಂದ್ರೆ ವೇಗ ಹೆಚ್ಚಿರಬಹುದು. ರೆಕಾರ್ಡ್ ಮಾಡಿದಾಗ ಅಪ್ಪನ ಟೂ-ಇನ್-ಒನ್ (ರೇಡಿಯೋ-ಟೇಪು) ನಿಧಾನ ಓಡ್ತಿದ್ರೆ ಈಗಿನ ಡೆಕ್ಕಲ್ಲಿ ಶ್ರುತಿ ಏರಿ ಕೇಳತ್ತೆ. ಹೊಸಕಿವಿ, ಹಾಡು ನಿಂತಿರೋ ಜಾಗದಲ್ಲಿ ಕರೆಂಟಿನ ಗುಂಯ್ ಇದೆಯಾ ನೋಡಿ. ಆಡಾಸಿಟೀಲಿ ಆ ತುಣುಕು ಆರಿಸಿ ಸ್ಪೆಕ್ಟ್ರಮ್ (ಯಾವ ಕಂಪನ ಎಷ್ಟಿದೆ ಅನ್ನೋ ನಕ್ಷೆ) ತೆಗೀರಿ. ನಮ್ಮ ಕರೆಂಟು 50 ಹರ್ಟ್ಸ್. ಅಲ್ಲಿ 53 ತೋರಿಸಿದ್ರೆ ಆರು ಪರ್ಸೆಂಟ್ ವೇಗ, ಅಂದ್ರೆ ಅರ್ಧ ಸ್ವರ ಮೇಲೆ.

ಹೊಸಕಿವಿ

ನೋಡಿದೆ. 52ರ ಹತ್ರ ಇದೆ. ನಕಲಿನ ಮೇಲೆ ವೇಗ ಇಳಿಸಿದೀನಿ. ದನಿ ಈಗ ತುಂಬಿ ಬಂದಿದೆ, ಹಾರ್ಮೋನಿಯಂ ಕೂಡ ಹಾರ್ಮೋನಿಯಂ ಥರ ಕೇಳ್ತಿದೆ. ಇಬ್ಬರಿಗೂ ಮತ್ತೆ ಕಳಿಸಿದೀನಿ, ಈ ಸಲ ಐದು ನಿಮಿಷ.

ವೀಣೆಮನೆ

ಸಂಜೆ ದೀಪ ಹಚ್ಚಿದ ಮೇಲೆ ಕೂತು ಕೇಳಿ ಹೇಳುತ್ತೇನೆ.